ಒಳಗಿನ ಕಂಪ್ಯೂಟರಿನ ನಿದ್ದೆ

ನಮ್ಮ ಕಾರ್ಖಾನೆಯಲ್ಲಿ ಕಂಪ್ಯೂಟರನ್ನು ಯಾರೂ ಆರಿಸುತ್ತಿರಲಿಲ್ಲ, ಮಲಗಿಸುತ್ತಿದ್ದರು. ಸಂಜೆ ಬಾಗಿಲೆಳೆಯುವ ಮುಂಚೆ ದೊಡ್ಡಪ್ಪ, "ಮಲಗಿಸಿದ್ಯೇನಮ್ಮ?" ಎಂದು ಕೂಗಿ ಕೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಬೀದಿಯಲ್ಲಿ ಹೋಗುವವರು ಕೇಳಿಸಿಕೊಂಡರೆ ಒಳಗೆ ಯಾವುದೋ ಹಠಮಾರಿ ಮಗುವಿದೆ ಅಂದುಕೊಳ್ಳಬೇಕು.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಬೀದಿಗೆ ಮುಖ ಮಾಡಿದ ಒಂದು ಉದ್ದನೆಯ ಕೋಣೆ, ಹಿಂದೆ ಇನ್ನೊಂದು ಚಿಕ್ಕದು. ನಾವು ಮಾಡುವುದು ಬೂಟು, ಆದರೆ ಎಲ್ಲರ ಕಾಲಿಗೂ ಆಗುವಂಥದ್ದಲ್ಲ. ಒಂದು ಕಾಲು ಗಿಡ್ಡ ಇರುವವರು, ಪಾದ ಒಳಕ್ಕೆ ತಿರುಗಿದವರು, ಬೆರಳು ಕಳೆದುಕೊಂಡವರು ನಮ್ಮಲ್ಲಿಗೆ ಬರುತ್ತಾರೆ. ಅವರ ಪಾದವನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಡಿಸಿ ಆಕಾರ ತೆಗೆದುಕೊಳ್ಳುತ್ತೇವೆ. ಹಿಂದಿನ ಕೋಣೆಯ ಯಂತ್ರ ಅದೇ ಆಕಾರವನ್ನು ಮರದಲ್ಲಿ ಕೆತ್ತುತ್ತದೆ. ಆ ಮರದ ಪಾದಕ್ಕೆ ಕಾಲಚ್ಚು ಅನ್ನುತ್ತೇವೆ. ಅದರ ಮೇಲೆ ತೊಗಲು ಎಳೆದು ಹೊಲಿದರೆ ಬೂಟು. ದೊಡ್ಡಪ್ಪ ತೊಗಲು ಕತ್ತರಿಸುತ್ತಾರೆ, ನಾನು ಹೊಲಿಯುತ್ತೇನೆ.

ಪಾದದ ಆಕಾರ ಓದುವ ಪ್ರೋಗ್ರಾಮು ಬಹಳ ಹಳೆಯದು. ಅದನ್ನು ಮಾಡಿದ ಕಂಪನಿ ಯಾವತ್ತೋ ಮುಚ್ಚಿಹೋಗಿದೆ. ಹೊಸ ಕಂಪ್ಯೂಟರುಗಳಲ್ಲಿ ಅದು ಓಡುವುದೇ ಇಲ್ಲ. ಹಾಗಾಗಿ ನನ್ನ ಅತ್ತೆ, ಅಂದರೆ ಅಪ್ಪ ಮತ್ತು ದೊಡ್ಡಪ್ಪನ ತಂಗಿ, ಒಂದು ಉಪಾಯ ಮಾಡಿದ್ದಳು. ಸರ್ವರ್ ಸಾಫ್ಟ್‌ವೇರ್ ಒಂದನ್ನು ಹಾಕಿ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕೂರಿಸಿದ್ದಳು. ವರ್ಚುವಲ್ ಮಷೀನ್ ಅಂತ ಅದರ ಹೆಸರು. ಕೈಗೆ ಸಿಗುವ ಡಬ್ಬ ಒಂದೇ. ಅದರೊಳಗೆ ಹಳೆ ಕಾಲದ ಪರದೆ, ಹಳೆ ಕಾಲದ ಗುಂಡಿಗಳು, ಹಳೆ ಪ್ರೋಗ್ರಾಮು.

"ದೊಡ್ಡ ಮನೇಲಿ ಒಬ್ಬ ಬಾಡಿಗೆಯವನು ಇದ್ದಹಾಗೆ," ಎಂದು ಅವಳು ದೊಡ್ಡಪ್ಪನಿಗೆ ವಿವರಿಸಿದ್ದಳು. "ಇರೋದು ಒಂದು ಕೋಣೇಲಿ. ಆದ್ರೆ ಇಡೀ ಮನೆಗೆ ತಾನೇ ಯಜಮಾನ ಅಂದ್ಕೊಂಡಿರ್ತಾನೆ."

"ನನ್ನ ಹಾಗೆ ಅನ್ನು," ಎಂದಿದ್ದರು ದೊಡ್ಡಪ್ಪ, ದೊಡ್ಡಮ್ಮ ಇಲ್ಲದ್ದನ್ನು ನೋಡಿಕೊಂಡು.

ಅತ್ತೆ ಒಳಗಿನ ಕಂಪ್ಯೂಟರಿಗೆ ಇಟ್ಟ ಹೆಸರು ಮೂಲೆ. ಅದು ಇದ್ದದ್ದೂ ಮೂಲೆಯಲ್ಲೇ, ನಾವಿಬ್ಬರು ಕೂರುತ್ತಿದ್ದದ್ದೂ ಮೂಲೆಯಲ್ಲೇ.

ನಾನು ಶಾಲೆ ಬಿಟ್ಟ ವರ್ಷ ಅದು. ಎದ್ದು ನಿಂತು ಓದು ಅಂದರೆ ನನ್ನ ಗಂಟಲು ಕಟ್ಟುತ್ತಿತ್ತು. ನಿಲ್ಲುತ್ತಿದ್ದೆ, ಪುಸ್ತಕ ಹಿಡಿಯುತ್ತಿದ್ದೆ, ಅಕ್ಷರಗಳೂ ಕಾಣುತ್ತಿದ್ದವು, ದನಿ ಮಾತ್ರ ಬರುತ್ತಿರಲಿಲ್ಲ. ಮಿಕ್ಕವರು ನಗುತ್ತಿದ್ದರು. ಎಷ್ಟು ದಿನ ಅಂತ ಹಾಗೆ ನಿಂತೇ ಇರುವುದು? ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಅಮ್ಮ ಅತ್ತಳು, ಅಪ್ಪ ಬೈದರು, ಕೊನೆಗೆ ಇಬ್ಬರೂ ಸುಸ್ತಾಗಿ ನನ್ನನ್ನು ದೊಡ್ಡಪ್ಪನ ಕಾರ್ಖಾನೆಗೆ ಕಳಿಸಿದರು. ಅಲ್ಲಿ ದೊಡ್ಡಪ್ಪ ನನಗೆ ಮೌನಗೌರಿ ಎಂದು ಹೆಸರಿಟ್ಟರು.

ಅತ್ತೆ ನನ್ನನ್ನು ಮಾತಾಡಿಸಲು ಹೋಗಲಿಲ್ಲ. ಒಂದು ದಿನ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿಕೊಂಡಳು. ಪಾದಗಳ ಚಿತ್ರದ ಹಿಂದೆ ಬರೆಯುವ ಕಿಟಕಿಯೊಂದನ್ನು ತೆರೆದು ಟೈಪು ಮಾಡಿದಳು: ಹಸಿವಾಗ್ತಿದ್ಯಾ? ಕೀಬೋರ್ಡನ್ನು ನನ್ನ ಕಡೆ ದೂಡಿದಳು. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: ಹೂಂ. ಅವಳು ಎದ್ದು ಹೋಗಿ ಎರಡು ಬನ್ನು ತಂದಳು. ಅಷ್ಟೆ. ನಮ್ಮ ಮಾತು ಶುರುವಾದದ್ದು ಹಾಗೆ.

ಆಮೇಲೆ ಅದು ನಿಲ್ಲಲಿಲ್ಲ. ಅವಳು ಬರೆಯುತ್ತಿದ್ದಳು: ದೊಡ್ಡಪ್ಪ ಯಾಕೆ ಇವತ್ತು ಬಾಣಲೆ ಥರ ಕಾದಿದಾರೆ? ನಾನು ಬರೆಯುತ್ತಿದ್ದೆ: ಬೆಳಗ್ಗೆ ಅವರ ಕನ್ನಡಕದ ಮೇಲೆ ಅವರೇ ಕೂತರು. ಪಕ್ಕಪಕ್ಕದಲ್ಲಿ ಕೂತು, ಮುಖ ಮುಖ ನೋಡದೆ, ಒಂದೇ ಕೀಬೋರ್ಡನ್ನು ಅತ್ತಿಂದಿತ್ತ ದೂಡುತ್ತಾ ನಾವಿಬ್ಬರು ನಗುತ್ತಿದ್ದೆವು. ದೂರದಿಂದ ನೋಡಿದವರಿಗೆ ಕೆಲಸದಲ್ಲಿ ಮುಳುಗಿದ ಹಾಗೆಯೇ ಕಾಣುತ್ತಿತ್ತು.

ಆ ಬರಹವನ್ನು ನಾವು ಯಾವತ್ತೂ ಸೇವ್ ಮಾಡಲಿಲ್ಲ. ಸೇವ್ ಮಾಡಬೇಕಾದರೆ ಕಂಪ್ಯೂಟರು ಹೆಸರು ಕೇಳುತ್ತದೆ. "ಮಾತಿಗೆ ಯಾರಾದ್ರೂ ಹೆಸರಿಡ್ತಾರಾ?" ಎಂದು ಅತ್ತೆ ಆ ಪ್ರಶ್ನೆಯನ್ನು ಮುಚ್ಚಿಬಿಡುತ್ತಿದ್ದಳು. ಸೇವ್ ಮಾಡುವ ಅಗತ್ಯವೂ ಇರಲಿಲ್ಲ. ಒಳಗಿನ ಕಂಪ್ಯೂಟರನ್ನು ಆರಿಸದೆ ಮಲಗಿಸಿದರೆ, ಅದು ಆ ಕ್ಷಣದಲ್ಲಿ ಹೇಗಿತ್ತೋ ಹಾಗೇ ಹೆಪ್ಪುಗಟ್ಟುತ್ತದೆ. ಮರುದಿನ ಎಬ್ಬಿಸಿದರೆ ತೆರೆದಿದ್ದ ಕಿಟಕಿ ತೆರೆದೇ ಇರುತ್ತದೆ, ಅರ್ಧ ಬರೆದ ಮಾತು ಅರ್ಧದಲ್ಲೇ ಕಾಯುತ್ತಿರುತ್ತದೆ.

ಅತ್ತೆ ಬೇರೆ ಊರಿನ ಆಸ್ಪತ್ರೆಯೊಂದಕ್ಕೆ ಕೃತಕ ಕಾಲು ಮಾಡುವ ಕೆಲಸಕ್ಕೆ ಹೋಗಿ ಎಷ್ಟೋ ವರ್ಷವಾಯಿತು. ಹೋಗುವಾಗ ಹೇಳಿದ್ದಳು: "ಇದನ್ನ ಯಾವತ್ತೂ ಆರಿಸ್ಬೇಡಿ. ಮಲಗಿಸಿ, ಎಬ್ಬಿಸಿ, ಅಷ್ಟೆ." ನಾವು ಆ ಮಾತನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದೆವು. ಅವಳು ಫೋನ್ ಮಾಡಿದಾಗ ನಾನು ಹೂಂ, ಉಹೂಂ ಅನ್ನುವುದು ಬಿಟ್ಟರೆ ಹೆಚ್ಚಿಗೆ ಮಾತಾಡುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಮೂಲೆ ಎದ್ದಾಗ, ಪಾದಗಳ ಚಿತ್ರದ ಹಿಂದಿನಿಂದ ನಮ್ಮ ಕಿಟಕಿಯ ಅಂಚು ಇಣುಕುತ್ತಿತ್ತು. ಕೊನೆಯ ಎರಡು ಸಾಲು ಮಾತ್ರ ಕಾಣುತ್ತಿದ್ದವು.

ಅಂಟಿನ ಡಬ್ಬ ಮುಚ್ಚು, ಒಣಗತ್ತೆ.

ಮುಚ್ಚಿದೀನಿ.

ಮೇಲಕ್ಕೆ ಸರಿಸಿ ಓದಿದ್ದು ಬಹಳ ಕಡಿಮೆ. ಎಲ್ಲಿ ಏನನ್ನಾದರೂ ಅಳಿಸಿಬಿಡುತ್ತೇನೋ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ, ಅದೆಲ್ಲ ನನಗೆ ಬಾಯಿಪಾಠ ಎಂಬ ಧೈರ್ಯ. ಅವಳು ಹೊರಡುತ್ತೇನೆ ಎಂದು ಹೇಳಿದ ದಿನದ ಮಾತಂತೂ ಅಕ್ಷರ ಅಕ್ಷರ ನೆನಪಿತ್ತು. ಹೋಗಬೇಡ, ನಾನಿಲ್ಲಿ ಯಾರ ಜೊತೆ ಮಾತಾಡಲಿ ಎಂದು ನಾನು ಬರೆದದ್ದು ಆ ಕಿಟಕಿಯ ಒಳಗೆ ಎಲ್ಲೋ ಇತ್ತು. ಜೀವನದಲ್ಲಿ ನಾನು ಒಬ್ಬರಿಗೆ ನೆಟ್ಟಗೆ ಹೇಳಿದ ಮಾತು ಅದೊಂದೇ. ಅದು ಇದೆ ಎಂದು ಗೊತ್ತಿದ್ದರೆ ನನಗೆ ಸಾಕಿತ್ತು.

ಆ ದಿನ ಬೆಳಿಗ್ಗೆ ಮೂಲೆ ಏಳಲಿಲ್ಲ.

ಹಿಂದಿನ ಸಂಜೆ ದೊಡ್ಡಪ್ಪನ ಮಗ ಹೊಸ ಕಂಪ್ಯೂಟರ್ ತಂದಿದ್ದ. ನನಗೆ ಅವನು ಅಣ್ಣ. ಮೊಬೈಲ್ ಅಂಗಡಿಯಲ್ಲಿ ಕೆಲಸ ಅವನಿಗೆ. ಮನೆಯ ಯಾವ ವಸ್ತುವನ್ನೂ ಹಳತಾಗಲು ಬಿಡುವುದಿಲ್ಲ. ಹಳೆ ಡಬ್ಬದ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿದ್ದದ್ದು ನಿಜ. ನಾನು ಎಂದಿನಂತೆ ಮೂಲೆಯನ್ನು ಮಲಗಿಸಿ ಮನೆಗೆ ಹೋದ ಮೇಲೆ, ಅವನು ಅದರ ಇಡೀ ಫೋಲ್ಡರನ್ನು ಹೊಸ ಕಂಪ್ಯೂಟರಿಗೆ ಕಾಪಿ ಮಾಡಿ, ಹಳೆಯದನ್ನು ಬದಲಿಗೆ ಕಂಪ್ಯೂಟರ್ ಅಂಗಡಿಗೆ ಕೊಟ್ಟು ಬಂದಿದ್ದ.

ನಾನು ಎಬ್ಬಿಸುವ ಗುಂಡಿ ಒತ್ತಿದೆ. ಒಂದು ಗೆರೆ ಅರ್ಧದವರೆಗೆ ಓಡಿ ನಿಂತಿತು. ಕೆಂಪು ಅಕ್ಷರಗಳು ಬಂದವು.

"ಏನಂತೆ?" ದೊಡ್ಡಪ್ಪ ಕೈಯಲ್ಲಿ ರಂಪಿಗೆ ಹಿಡಿದೇ ಬಂದರು. ಅದರಲ್ಲಿ ತೊಗಲು ಕತ್ತರಿಸುತ್ತಾರೆ ಅಂತ ಗೊತ್ತಿಲ್ಲದವರು ಓಡಿಹೋಗಬೇಕು.

ಅಣ್ಣ ಬಗ್ಗಿ ಓದಿದ. "ಎಬ್ಬಿಸೋಕೆ ಆಗ್ಲಿಲ್ವಂತೆ. ಜಾಸ್ತಿ ವಿವರ ಬೇಕಿದ್ರೆ ಲಾಗ್ ನೋಡ್ಬೇಕಂತೆ."

"ಲಾಗ್ ಅಂದ್ರೆ?"

"ದಿನಚರಿ ಅಪ್ಪ. ತಾನು ಏನೇನು ಮಾಡ್ದೆ ಅಂತ ಅದೇ ಬರ್ಕೊಳತ್ತೆ."

"ದಿನಚರಿ ಬರೆಯೋಷ್ಟು ಪುರುಸೊತ್ತಿದೆ, ಎದ್ದು ಕೂರೋಕೆ ಮಾತ್ರ ಏನು ಧಾಡಿ? ಸರಿ ಸರಿ, ಇನ್ನೊಂದ್ಸಲ ಒತ್ತು."

ಒತ್ತಿದೆ. ಅದೇ ಕೆಂಪು. ಅವರೇ ಬಂದು ಒತ್ತಿದರು, ಯಂತ್ರಕ್ಕೂ ಹಿರಿತನ ಗೊತ್ತಾಗುತ್ತದೆ ಎಂಬಂತೆ. ಅದೇ ಕೆಂಪು.

ಅಷ್ಟರಲ್ಲಿ ಅಂಚೆಯಕ್ಕ ಬಂದಳು. ಮನೆಮನೆಗೆ ಪತ್ರ ಹಂಚುವ ಕೆಲಸ ಅವಳದು. ಬಲಗಾಲು ಹುಟ್ಟಿನಿಂದ ಗಿಡ್ಡ, ಪಾದ ಒಂದು ಕಡೆ ವಾಲಿದೆ. ನಮ್ಮ ಬೂಟು ಇಲ್ಲದೆ ಅವಳು ಬೀದಿ ದಾಟುವುದಿಲ್ಲ. ಅವಳ ಹಳೆ ಬೂಟಿನ ತಳ ಕಿತ್ತುಬಂದಿತ್ತು, ಅದನ್ನು ಪಾರ್ಸೆಲ್ ಕಟ್ಟುವ ದಾರದಲ್ಲಿ ಬಿಗಿದುಕೊಂಡು ಬಂದಿದ್ದಳು. ಅವಳ ಕಾಲಚ್ಚು ಸೀಳುಬಿಟ್ಟಿತ್ತು. ಹೊಸದನ್ನು ಇವತ್ತು ಕೆತ್ತಬೇಕಿತ್ತು.

"ಏನು, ಎಲ್ರೂ ಸುತ್ತ ನಿಂತಿದೀರಿ? ಯಾರಿಗೆ ಹುಷಾರಿಲ್ಲ?" ಎನ್ನುತ್ತಾ ಬೆಂಚಿನ ಮೇಲೆ ಕೂತಳು.

"ನಮ್ಮ ಕಂಪ್ಯೂಟರ್ ಕುಂಭಕರ್ಣ ಆಗಿದೆ," ಅಂದರು ದೊಡ್ಡಪ್ಪ.

ಅಣ್ಣ ಅಷ್ಟು ಹೊತ್ತಿಗೆ ಲಾಗ್ ಹುಡುಕಲು ಶುರು ಮಾಡಿದ್ದ. ಸರ್ವರ್ ಸಾಫ್ಟ್‌ವೇರಿನ ಫೋಲ್ಡರು, ಅದರೊಳಗೊಂದು ಫೋಲ್ಡರು, ಅದರೊಳಗೊಂದು. ಕೊನೆಗೆ ಸಿಕ್ಕಿತು. ತೆರೆದರೆ ಸಾವಿರಾರು ಸಾಲು. ಅವನು ಓದಿದ, ತಲೆ ಕೆರೆದುಕೊಂಡ. "ಮೂಲೆ ಅನ್ನೋ ಮಷೀನು ಶುರುವಾಗ್ಲಿಲ್ಲ ಅಂತ ಬರ್ದಿದೆ. ಯಾಕೆ ಅಂತ ಬರ್ದಿಲ್ಲ."

"ಅದು ನಮಗೇ ಗೊತ್ತಲ್ಲೋ ಸಾಹೇಬ," ಅಂದರು ದೊಡ್ಡಪ್ಪ. "ಇದನ್ನ ಹೇಳೋಕೆ ದಿನಚರಿ ಬೇಕಾ? ನಿಮ್ಮತ್ತೆಗೆ ಫೋನ್ ಹಚ್ಚು."

ದೊಡ್ಡಪ್ಪನ ಫೋನಿನಿಂದ ಅತ್ತೆಗೆ ಕರೆ ಹಚ್ಚಿ ಅಣ್ಣ ಅದನ್ನು ನನ್ನ ಕೈಗೆ ಕೊಟ್ಟ. ಅವನ ಎರಡು ಕೈಯೂ ಕೀಬೋರ್ಡಿನ ಮೇಲಿತ್ತು. ಎಲ್ಲರಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದೆ. ಅವನು ಕೂಗಿ ಕೂಗಿ ಎಲ್ಲ ಹೇಳಿದ.

ಅತ್ತೆ ಲೊಚಗುಟ್ಟಿದಳು. "ನೀನು ನೋಡಿದ್ದು ಮನೆ ಯಜಮಾನನ ದಿನಚರಿ ಕಣೋ. ಬಾಡಿಗೆಯವನು ಹೊಟ್ಟೆನೋವು ಅಂತ ಮಲಗಿದ್ರೆ ಯಜಮಾನ ಏನು ಬರೀತಾನೆ? 'ಬಾಗ್ಲು ತಟ್ಟಿದೆ, ತೆಗೀಲಿಲ್ಲ.' ಅಷ್ಟೆ. ಹೊಟ್ಟೆನೋವಿನ ಸಂಗತಿ ಬಾಡಿಗೆಯವನ ದಿನಚರೀಲಿ ಇರತ್ತೆ. ಅದು ಅವನ ಕೋಣೇಲೇ ಇರತ್ತೆ. ಮೂಲೆಯ ಫೋಲ್ಡರ್ ತೆಗಿ."

ತೆಗೆದ. ನಿನ್ನೆ ಅವನೇ ಹೊತ್ತು ತಂದ ಫೋಲ್ಡರು. ಒಳಗೆ ದೊಡ್ಡ ದೊಡ್ಡ ಫೈಲುಗಳು, ಅವುಗಳ ಕೆಳಗೆ ಪುಟ್ಟ ಪುಟ್ಟವು ಕೆಲವು. ಎಲ್ಲಕ್ಕೂ ಒಂದೇ ಹೆಸರು, ಕೊನೆಯಲ್ಲಿ ಬೇರೆ ಬೇರೆ ಅಂಕಿ.

"ಅವೇ," ಅಂದಳು ಅತ್ತೆ. "ಅಂಕಿ ಇಲ್ಲದ್ದು ಈಗಿನದು. ಅಂಕಿ ಹೆಚ್ಚಾದಷ್ಟೂ ಹಳೇದು. ಒಂದೊಂದ್ಸಲ ಎಬ್ಬಿಸ್ದಾಗ್ಲೂ ಹೊಸ ದಿನಚರಿ ಶುರುವಾಗತ್ತೆ, ಮಿಕ್ಕಿದ್ದೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಯತ್ತೆ. ತುದೀಲಿರೋದು ಬಿದ್ದುಹೋಗತ್ತೆ. ಇಂದಿನದು ಮತ್ತೆ ಹಳೇ ಡಬ್ಬದ್ದು ಎರಡೂ ಬೇಕು, ಪಕ್ಕಪಕ್ಕ ಇಟ್ಟು ನೋಡ್ಬೇಕು. ಹಳೇದು ಇದ್ಯಾ ನೋಡು, ತಾರೀಖು ನೋಡು."

ಅಣ್ಣ ತಾರೀಖುಗಳ ಮೇಲೆ ಕಣ್ಣಾಡಿಸುತ್ತಿದ್ದ. ನಾನೂ ನೋಡುತ್ತಿದ್ದೆ. ನೋಡುವುದೊಂದು ನನಗೆ ಬರುತ್ತದೆ. ಇವತ್ತು, ಇವತ್ತು, ಇವತ್ತು. ನಾನೂ ದೊಡ್ಡಪ್ಪನೂ ಒತ್ತಿದ್ದೆಲ್ಲ ಅಲ್ಲಿ ಸಾಲಾಗಿ ನಿಂತಿತ್ತು. ತುದಿಯದು ಒಂದು ಮಾತ್ರ ನಿನ್ನೆಯದು.

ಅದೇ ಹೊತ್ತಿಗೆ ದೊಡ್ಡಪ್ಪನ ಕೈ ಮೌಸಿನ ಮೇಲೆ ಬಂತು. "ನೀವು ಓದ್ತಾ ಇರಿ. ನಾನು ಇನ್ನೊಂದ್ಸಲ..."

"ಒತ್ತಬೇಡಿ!"

ಯಾರು ಕಿರುಚಿದ್ದು ಎಂದು ನಾನೇ ಸುತ್ತ ನೋಡಿದೆ. ದೊಡ್ಡಪ್ಪ ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಎಳೆದುಕೊಂಡರು. ಅಂಚೆಯಕ್ಕ ಬೆಂಚಿನಿಂದ ಅರ್ಧ ಎದ್ದಿದ್ದಳು.

"ಅಬ್ಬಬ್ಬ," ಅಂದರು ದೊಡ್ಡಪ್ಪ, ಎದೆ ನೀವಿಕೊಳ್ಳುತ್ತಾ. "ನಮ್ಮ ಮೌನಗೌರಿಗೆ ಗಂಟಲೂ ಇದೆ."

"ಅದು ಯಾವತ್ತೂ ಇತ್ತು," ಅಂದಿತು ಫೋನು.

ನಾನು ಮುಖ ಕೆಳಗೆ ಹಾಕಿ ತುದಿಯ ಫೈಲನ್ನು ಬೆರಳಲ್ಲಿ ತೋರಿಸಿದೆ. ಅಣ್ಣ ಅದನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು ತೆರೆದ.

ನಿನ್ನೆಯ ದಿನ ಅಲ್ಲಿ ಸಾಲುಸಾಲಾಗಿತ್ತು. ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ, ಆದರೆ ಗುರುತು ಹಿಡಿಯುವಷ್ಟು ಬರುತ್ತದೆ. ಸ್ಕ್ಯಾನರ್ ಬಂತು. ಸ್ಕ್ಯಾನರ್ ಹೋಯಿತು. ಬಂತು. ಹೋಯಿತು. ಬಂತು. ಅದು ನಿನ್ನೆ ಬಂದ ತಾತ. ಗಾಜಿನ ಮೇಲೆ ಪಾದ ಇಟ್ಟ ಕೂಡಲೇ ಕಚಗುಳಿ ಅಂತ ಕಾಲು ಕುಣಿಸಿ, ಸ್ಕ್ಯಾನರಿನ ವೈರು ಸಡಿಲವಾಗಿ, ನಾನು ಮತ್ತೆ ಮತ್ತೆ ಸಿಕ್ಕಿಸಿದ್ದು. ಅತ್ತೆ ಇದ್ದಾಗಲೂ ಆ ವೈರು ಹೀಗೇ. ಅವಳು ತೊಗಲಿನ ಚೂರೊಂದನ್ನು ಮಡಿಚಿ ಅದಕ್ಕೆ ಒತ್ತುಕೊಟ್ಟು ಕೂರಿಸುತ್ತಿದ್ದಳು, ಬಂದವರು ಕಾಲು ಕುಣಿಸಿದರೆ ನನ್ನ ಕಡೆ ಕೀಬೋರ್ಡು ದೂಡಿ ಬರೆಯುತ್ತಿದ್ದಳು: ಇವರಿಗೆ ಬೂಟು ಬೇಡ, ಗೆಜ್ಜೆ ಕೊಡೋಣ. ನಾನು ತುಟಿ ಕಚ್ಚಿಕೊಂಡು ನಗು ನುಂಗುತ್ತಿದ್ದೆ. ಪ್ರತಿ ಸಾಲೂ ಶುರುವಾಗುತ್ತಿದ್ದದ್ದು ವೇಳೆಯಿಂದ. ಮಧ್ಯೆ ಮಧ್ಯೆ ಮೂಲೆ ಎಂಬ ಹೆಸರು ಇಂಗ್ಲಿಷಿನಲ್ಲಿ ಬರುತ್ತಿತ್ತು. ಎಂಥ ಒಣ ಭಾಷೆ ಅದರದ್ದು! ಆದರೂ ಓದುತ್ತ ಓದುತ್ತ ನನಗೆ ಅಂಟಿನ ವಾಸನೆ, ಬನ್ನಿನ ಚೂರು, ಪಕ್ಕದ ಕುರ್ಚಿಯ ಕಿರುಗುಟ್ಟುವಿಕೆ ಎಲ್ಲ ಬಂದುಬಿಟ್ಟವು.

"ಎಲ್ಲಿದ್ದೀರಿ?" ಅತ್ತೆ ಕೇಳಿದಳು. "ಎರಡರ ಶುರುವಿನ ಸಾಲುಗಳನ್ನ ಓದಿ. ಪ್ರೊಸೆಸರ್ ಅಂತ ಬಂದ ಕಡೆ."

ಅಣ್ಣ ಎರಡನ್ನೂ ಓದಿದ. ನಿನ್ನೆಯದರಲ್ಲಿ ಒಂದು ಹೆಸರು, ಇಂದಿನದರಲ್ಲಿ ಇನ್ನೊಂದು. ಇಂದಿನದರ ಕೊನೆಯ ಸಾಲುಗಳನ್ನು ಓದುವಾಗ ಅವನ ದನಿ ನಿಧಾನವಾಯಿತು. ಮಲಗುವಾಗ ಇದ್ದ ಪ್ರೊಸೆಸರು ಈಗಿಲ್ಲ, ಈಗಿರುವುದರ ಗುಣ ಬೇರೆ, ಎಬ್ಬಿಸಲಾರೆ ಎಂದು ಬರೆದಿತ್ತು.

"ಅಯ್ಯೋ ಪುಣ್ಯಾತ್ಮ," ಅಂದಳು ಅತ್ತೆ. "ಮಲಗಿದ್ದವನನ್ನ ಹಾಗೇ ಎತ್ಕೊಂಡು ಬಂದ್ಯಾ? ಒಂದ್ಸಲ ಆರಿಸಿ ತಂದಿದ್ರೆ ಏನೂ ಆಗ್ತಿರ್ಲಿಲ್ಲ."

"ನೀವೇ ಹೇಳಿದ್ರಲ್ಲ, ಯಾವತ್ತೂ ಆರಿಸ್ಬೇಡಿ ಅಂತ!"

"ಹೇಳ್ದೆ. ಹೊಸದಾಗಿ ಶುರು ಮಾಡಿದ್ರೆ ಆ ದರಿದ್ರ ಪ್ರೋಗ್ರಾಮು ಸ್ಕ್ಯಾನರ್ ಹುಡುಕೋಕೆ ಅರ್ಧ ಗಂಟೆ ತಗೋತಿತ್ತು. ಅಷ್ಟು ಹೊತ್ತೂ ನಿಮ್ಮಪ್ಪ ನನ್ನ ತಲೆ ತಿಂತಿದ್ರು. ಅದಕ್ಕೆ ಹೇಳಿದ್ದು. ಅದೇನು ಶಾಸನ ಅಂತ ಇಷ್ಟು ವರ್ಷ ಪಾಲಿಸ್ಕೊಂಡು ಬಂದ್ರಾ?"

ದೊಡ್ಡಪ್ಪ ಕೆಮ್ಮಿದರು. "ಈಗ ಏನು ಮಾಡ್ಬೇಕು ಹೇಳೇ ತಾಯಿ."

"ಸುಲಭ ಅಣ್ಣ. ನಿದ್ದೆಯ ಸ್ಥಿತಿಯನ್ನ ಬಿಸಾಡು ಅಂತ ಒಂದು ಗುಂಡಿ ಇದೆ. ಒತ್ತಿದ್ರೆ ಹೊಸದಾಗಿ ಎದ್ದು ಕೂರತ್ತೆ. ಪಾದಗಳೆಲ್ಲ ಡಿಸ್ಕಲ್ಲಿವೆ, ಒಂದೂ ಹೋಗಲ್ಲ. ಮಲಗುವಾಗ ಸೇವ್ ಮಾಡದೆ ತೆರೆದಿಟ್ಟದ್ದು ಏನಾದ್ರೂ ಇದ್ರೆ ಅದೊಂದು ಹೋಗತ್ತೆ."

"ಹೋಗ್ಲಿ ಬಿಡು, ಅಂಥದ್ದೇನಿದೆ," ಅಂದರು ದೊಡ್ಡಪ್ಪ.

ಅಣ್ಣ ಗುಂಡಿಯ ಹತ್ತಿರ ಹೋದ. ನಾನು ಅವನ ಮಣಿಕಟ್ಟು ಹಿಡಿದೆ. ಅವನು ನನ್ನ ಮುಖ ನೋಡಿದ. ಏನು ಕಂಡನೋ, ಮೌಸು ಬಿಟ್ಟ.

"ಏನಾದ್ರೂ ಇತ್ತಾ ಅದರಲ್ಲಿ?"

ತಲೆಯಾಡಿಸಿದೆ. ಅತ್ತೆಗೆ ಫೋನಿನಲ್ಲಿ ತಲೆಯಾಡಿಸಿದ್ದು ಕಾಣುವುದಿಲ್ಲ. ಆದ್ದರಿಂದ ಹೇಳಲೇಬೇಕಾಯಿತು. "ಅತ್ತೆ. ನಮ್ಮ ಮಾತು. ಇನ್ನೂ ಹಾಗೇ ತೆರೆದಿದೆ."

"ಯಾವ ಮಾತು ಮರಿ?"

"ನಾವು ಟೈಪ್ ಮಾಡಿದ್ದು."

"ಅದು ಇನ್ನೂ ಇದ್ಯಾ?" ಎಂದಳು. "ಇಷ್ಟು ವರ್ಷ?"

ಅಣ್ಣ ತಕ್ಷಣ ಕಂಪ್ಯೂಟರ್ ಅಂಗಡಿಗೆ ತನ್ನ ಫೋನಿನಿಂದ ಕರೆ ಮಾಡಿದ. ಹಳೆ ಡಬ್ಬ ಸಿಕ್ಕಿದರೆ ಅದರಲ್ಲೇ ಎಬ್ಬಿಸಬಹುದಿತ್ತು. ಬಾಗಿಲಾಚೆ ನಿಂತು ಮಾತಾಡಿ ಪೆಚ್ಚುಮುಖ ಹೊತ್ತು ಬಂದ. ಬೆಳಿಗ್ಗೆಯೇ ಅದನ್ನು ಬಿಚ್ಚಿ, ಬೋರ್ಡು ಒಂದು ಕಡೆ, ಪ್ರೊಸೆಸರು ಒಂದು ಕಡೆ ಕೊಟ್ಟುಬಿಟ್ಟಿದ್ದರು. ಡಿಸ್ಕನ್ನು ಅಳಿಸಿಯೂ ಆಗಿತ್ತು.

"ಇಡೀ ಫೋಲ್ಡರನ್ನ ಹೀಗೇ ಒಂದು ಕಡೆ ಎತ್ತಿಡ್ಬಹುದು," ಅಂದಳು ಅತ್ತೆ. "ಇನ್ನೊಂದು ಪ್ರತಿಯಲ್ಲಿ ಕೆಲಸ ಮಾಡ್ಕೊಳ್ಳಿ. ಅಂಥದ್ದೇ ಪ್ರೊಸೆಸರ್ ಇನ್ನೆಲ್ಲಾದ್ರೂ ಸಿಕ್ಕಿದ್ರೆ ಆವಾಗ ಎಬ್ಬಿಸಿ ನೋಡ್ಬಹುದು. ಸಿಗ್ಲೇಬೇಕು ಅಂತೇನಿಲ್ಲ."

"ಇದ್ರಲ್ಲಿ ಜಾಗ ಇಲ್ಲ. ಚಿಕ್ಕ ಡಿಸ್ಕು," ಅಂದ ಅಣ್ಣ. "ನಾಳೆ ದೊಡ್ಡದು ತರ್ತೀನಿ. ನಾಳೆವರೆಗೆ ಯಾರೂ ಮುಟ್ಟೋದು ಬೇಡ." ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಎಲ್ಲರೂ ಅಂಚೆಯಕ್ಕನ ಕಡೆ ತಿರುಗಿದರು. ಅವಳು ದಾರ ಸುತ್ತಿದ ಬೂಟನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡಳು. "ನನ್ನನ್ನ ಯಾಕೆ ನೋಡ್ತೀರಿ? ನಾಳೆ ಬರ್ತೀನಿ. ಈ ದಾರ ಪಾರ್ಸೆಲ್‌ಗಳನ್ನೇ ಊರೂರು ದಾಟಿಸತ್ತೆ, ನನ್ನನ್ನ ಮನೆವರೆಗೆ ದಾಟಿಸಲ್ವಾ?" ಅಂದಳು. ಆದರೆ ಕಿತ್ತ ತಳದ ಸಂದಿಯಿಂದ ಕಾಣುತ್ತಿದ್ದ ಅವಳ ಕಾಲುಚೀಲದ ತುದಿಯಲ್ಲಿ ಒದ್ದೆಯಾದ ಕಂದು ಕಲೆಯೊಂದಿತ್ತು. ಅವಳು ಇನ್ನೊಂದು ಪಾದವನ್ನು ಅದರ ಮುಂದೆ ತಂದಿಟ್ಟುಕೊಂಡಳು.

"ಅಷ್ಟಕ್ಕೂ ಏನೇನು ಬರ್ದಿದ್ವೇ ನಾವು?" ಅತ್ತೆ ಕೇಳಿದಳು. "ನಂಗೆ ಬನ್ನು ಬಿಟ್ರೆ ಏನೂ ನೆನಪಿಲ್ಲ."

ನಾನು ಫೋನು ಕೈಲಿ ಹಿಡಿದು ನಿಂತಿದ್ದೆ. ಎಲ್ಲರೂ ಕಿವಿ ನಿಮಿರಿಸಿದ್ದರು. ಎದ್ದು ನಿಂತು ಓದು ಅಂದಹಾಗೇ ಇತ್ತು. ಆದರೆ ಕೇಳಿದವಳು ಅತ್ತೆ. ಕನ್ನಡಕದ ಮೇಲೆ ದೊಡ್ಡಪ್ಪ ಕೂತದ್ದು ಹೇಳಿದೆ. ದೊಡ್ಡಪ್ಪ "ಅದನ್ನೂ ಬರ್ದಿಟ್ಟಿದ್ರಾ!" ಎಂದರು. ಗೆಜ್ಜೆಯದು ಹೇಳಿದೆ. ಎಡಬಲ ತಿಳಿಯದೆ ಎರಡೂ ಬೂಟು ಎಡಗಾಲಿಗೇ ಹೊಲಿದ ದಿನ ಅವಳು ನನಗೆ ಏನೂ ಅನ್ನದೆ, ಎರಡು ಎಡಗಾಲಿನವರು ಯಾರಾದರೂ ಬರುವವರೆಗೆ ಕಪಾಟಿನಲ್ಲಿಡೋಣ ಎಂದು ಬರೆದದ್ದು ಹೇಳಿದೆ. ಅಂಚೆಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ನಡುನಡುವೆ "ಹೌದಲ್ವೇ! ಹೌದು!" ಅನ್ನುತ್ತಿದ್ದಳು. ಒಂದಾದ ಮೇಲೆ ಒಂದು ಬರುತ್ತಲೇ ಇತ್ತು, ದಾರದ ಉಂಡೆ ಉರುಳಿಬಿಟ್ಟ ಹಾಗೆ.

ಕೊನೆಗೆ ಅದನ್ನೂ ಹೇಳಿದೆ, ಗೋಡೆ ಕಡೆ ತಿರುಗಿಕೊಂಡು. "ನೀನು ಹೋಗ್ತೀನಿ ಅಂತ ಬರೆದ ದಿನ, ನಾನು ಬರೆದೆ. ಹೋಗಬೇಡ, ಇಲ್ಲಿ ಯಾರ ಜೊತೆ ಮಾತಾಡಲಿ ಅಂತ."

"ಏನು?"

"ಹೋಗಬೇಡ ಅಂತ ಬರೆದೆ."

"ಇಲ್ವಲ್ಲ ಮರಿ," ಅಂದಳು ಅತ್ತೆ. "ನೀನು ಬರೀಲೇ ಇಲ್ಲ."

"ಬರೆದೆ."

"ಉಹೂಂ. ಬೇರೆಯದೆಲ್ಲ ಮರ್ತಿರ್ಬಹುದು, ಅದನ್ನ ಮರೀತೀನಾ? ನಾನು ಹೋಗ್ತಿದೀನಿ ಅಂತ ಟೈಪ್ ಮಾಡಿ ಕೀಬೋರ್ಡ್ ನಿನ್ನ ಕಡೆ ದೂಡಿದೆ. ನೀನು ಅದನ್ನ ವಾಪಸ್ ದೂಡ್ದೆ. ಎದ್ದು ನಿಂತ್ಕೊಂಡು, ಬಾಯಿಬಿಟ್ಟು, 'ಹೋಗು ಹೋಗು, ನಿನ್ನ ಹಂಗು ಯಾರಿಗೆ ಬೇಕು' ಅಂತ ಕಿರುಚಿದೆ! ನಂಗೆ ಅಳ್ಬೇಕೋ, ಈ ಹುಡುಗಿ ಮಾತಾಡಿದ್ಲು ಅಂತ ಕುಣೀಬೇಕೋ ಗೊತ್ತಾಗ್ಲಿಲ್ಲ. ಅಣ್ಣ, ನೀನೂ ಓಡಿಬಂದ್ಯಲ್ಲ ಹಿಂದಿನ ಕೋಣೆಯಿಂದ?"

"ಬಂದೆ," ಅಂದರು ದೊಡ್ಡಪ್ಪ. ನನ್ನ ಕಡೆ ನೋಡದೆ ರಂಪಿಗೆಯ ಅಲಗನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. "ಯಾರೋ ಗಿರಾಕಿ ಜಗಳಕ್ಕೆ ಬಂದಿದಾರೆ ಅಂದ್ಕೊಂಡು ಬಂದೆ. ನೋಡಿದ್ರೆ ನೀನು. ಸುಮ್ನೆ ಒಳಗೆ ಹೋದೆ."

ನಾನು ಅಲ್ಲೇ ನಿಂತೆ. ಇಷ್ಟು ವರ್ಷ ನನ್ನ ತಲೆಯಲ್ಲಿ ಆ ಸಾಲು ಪರದೆಯ ಮೇಲೆ ಕಪ್ಪು ಅಕ್ಷರದಲ್ಲಿತ್ತು. ಅಲ್ಪವಿರಾಮವೂ ಕಾಣುತ್ತಿತ್ತು. ಈಗ ಅದರ ಕೆಳಗಿನಿಂದ ಬೇರೇನೋ ಏಳತೊಡಗಿತು. ಗಂಟಲು ಉರಿದದ್ದು. ಅತ್ತೆಯ ಕೈ ನನ್ನ ಹೆಗಲ ಮೇಲಿದ್ದದ್ದು. ಇಬ್ಬರೂ ಹೊರ ಮೆಟ್ಟಿಲ ಮೇಲೆ ಕೂತದ್ದು. ಸೈಕಲ್ಲಿನವನೊಬ್ಬ ನಮ್ಮನ್ನು ನೋಡುತ್ತಾ ಕಂಬಕ್ಕೆ ಗುದ್ದಿದ್ದು.

"ಕಂಬಕ್ಕೆ ಗುದ್ದಿದ," ಅಂದೆ.

"ಯಾರು? ಓ, ಆ ಸೈಕಲ್ಲು!" ಅತ್ತೆ ನಗಲು ಶುರು ಮಾಡಿದಳು. ನಗು ಎಲ್ಲೋ ನಡುವೆ ಒಡೆಯಿತು, ಅವಳು ಮೂಗೊರೆಸಿಕೊಂಡದ್ದು ಕೇಳಿಸಿತು.

"ಅಣ್ಣ," ಎಂದು ನಾನು ದೊಡ್ಡಪ್ಪನ ಮಗನಿಗೆ ಹೇಳಿದೆ, "ಜರುಗು."

"ಡಿಸ್ಕು ನಾಳೆ ತರ್ತೀನಿ ಅಂದ್ನಲ್ಲ. ನಿಜವಾಗ್ಲೂ ತರ್ತೀನಿ."

"ಗೊತ್ತು. ಜರುಗು."

ಅವನು ಎದ್ದ. ನಾನು ಕೂತು ಮೌಸು ಹಿಡಿದೆ. ನಿದ್ದೆಯ ಸ್ಥಿತಿಯನ್ನು ಬಿಸಾಡಲೇ ಎಂದು ಕಂಪ್ಯೂಟರು ಕೇಳಿತು, ಹೂಂ ಎಂದೆ. ಖಂಡಿತವೇ ಎಂದು ಮತ್ತೆ ಕೇಳಿತು. ಹೂಂ ಎಂದೆ.

ಒಳಗಿನ ಕಂಪ್ಯೂಟರು ಕತ್ತಲಾಯಿತು, ಹಾಗೇ ಬಹಳ ಹೊತ್ತು ಇತ್ತು, ಆಮೇಲೆ ಹಳೆ ಕಾಲದ ನೀಲಿ ಪರದೆ ಬಂತು. ಅದರ ಮೇಲೆ ಒಂದೂ ಕಿಟಕಿ ಇರಲಿಲ್ಲ. ಅಷ್ಟು ದೊಡ್ಡ ನೀಲಿಯನ್ನು ನಾನು ನೋಡಿಯೇ ಇರಲಿಲ್ಲ.

ಪ್ರೋಗ್ರಾಮು ಸ್ಕ್ಯಾನರನ್ನು ಹುಡುಕುತ್ತಾ ಕೂತಿತು. ಅತ್ತೆ ಹೇಳಿದ್ದು ಸರಿ. ದೊಡ್ಡಪ್ಪ ಅಷ್ಟು ಹೊತ್ತೂ ಗೊಣಗಿದರು. ನಾನು ಅಂಚೆಯಕ್ಕನ ಕಾಲುಚೀಲ ಬಿಡಿಸಿ, ಬೆರಳಿನ ಗಾಯ ತೊಳೆದು ಬಟ್ಟೆ ಕಟ್ಟಿದೆ. ಅತ್ತೆಗೆ ಊಟದ ಬಿಡುವಂತೆ, ಫೋನು ಇಡಲಿಲ್ಲ. ಕೊನೆಗೆ ಪರದೆಯ ಮೇಲೆ ಅಂಚೆಯಕ್ಕನ ಪಾದ ಬಂತು, ವಾಲಿದ್ದು ವಾಲಿದ ಹಾಗೇ. ಹಿಂದಿನ ಕೋಣೆಯಲ್ಲಿ ದೊಡ್ಡಪ್ಪ ದಿಮ್ಮಿಯನ್ನು ಬಿಗಿದರು. ಯಂತ್ರ ಗುಂಯ್ ಎಂದು ಸುತ್ತತೊಡಗಿ, ಅಲಗು ಮರಕ್ಕೆ ತಾಗಿ ದನಿ ಏರಿತು.

"ಆ ಸದ್ದು," ಅಂದಳು ಅತ್ತೆ. "ಫೋನ್ ಇಡ್ಬೇಡ ಕಣೆ. ಹತ್ರ ತಗೊಂಡು ಹೋಗು."

ಹಿಂದಿನ ಕೋಣೆಗೆ ಹೋಗಿ ಫೋನನ್ನು ಯಂತ್ರದ ಕಡೆ ಚಾಚಿ ಹಿಡಿದೆ. ಮರದ ಹೊಟ್ಟು ಹಾರಿ ಕೈಮೇಲೆ ಬೀಳುತ್ತಿತ್ತು. ಅಂಚೆಯಕ್ಕ ಒಂದೇ ಕಾಲಿನಲ್ಲಿ ಕುಂಟುತ್ತಾ ಬಂದು ಬಾಗಿಲಿಗೆ ಒರಗಿ, ತನ್ನ ಪಾದ ಮರದಿಂದ ಹೊರಬರುವುದನ್ನು ನೋಡುತ್ತಿದ್ದಳು.

"ಎಲ್ಲಿಗೆ ಬಂತು?" ಸದ್ದಿನ ನಡುವೆ ಅತ್ತೆಯ ದನಿ ಸಣ್ಣಗೆ ಕೇಳಿಸಿತು.

"ಹಿಮ್ಮಡಿ," ಎಂದು ಕೂಗಿದೆ.

"ಈಗ?"

"ಪಾದದ ಕಮಾನು."

"ಈಗ?"

ಅಲಗು ತುದಿಗೆ ಬಂದು ನಿಧಾನವಾಯಿತು. "ಬೆರಳು," ಎಂದೆ. "ಹೆಬ್ಬೆರಳು ಬಂತು. ಇನ್ನೂ ಇದೆ ತಾಳು, ಹೇಳ್ತೀನಿ."